ಹಪ್ಪಳ ಕಾಯುವ ಸಾಹಿತಿ

ರಾಯಚೂರಿನ ನಮ್ಮ ಷಡ್ಡಕರಿಗೆ ಕುಮಟಾದ ಸೆಕೆಯ ಬಗ್ಗೆ ಮೊದಲು ಎಳ್ಳಷ್ಟೂ ಗೌರವ ಇರಲಿಲ್ಲ. ಏಪ್ರಿಲ್ ಬಂತೆಂದರೆ ಫೋನ್ ಮಾಡುವುದು, "ನಮ್ಮಲ್ಲಿ 42 ಅದ. ನಿಮ್ಮಲ್ಲಿ ಎಷ್ಟ್ರೀ?" ಅಂತ ಕೇಳುವುದು. ನಾನು ಪರೀಕ್ಷೆಯಲ್ಲಿ ನಪಾಸಾದವನ ದನಿಯಲ್ಲಿ "34" ಅನ್ನುವುದು.

ಹೋದ ವರ್ಷ ಮೇ ತಿಂಗಳಲ್ಲಿ ಅವರೇ ಬಂದರು. ಮಧ್ಯಾಹ್ನದೊಳಗೆ ಮೂರು ಅಂಗಿ ಬದಲಾಯಿಸಿದರು. ಸ್ನಾನ ಮಾಡಿ, ಒರೆಸುತ್ತಿರುವುದು ನೀರೋ ಬೆವರೋ ತಿಳಿಯದೆ, ಬಚ್ಚಲಲ್ಲೇ ಬಹಳ ಹೊತ್ತು ನಿಂತಿದ್ದರು. ಅವರ ಕಡೆಯದು ಒಣ ಬಿಸಿಲು, ಬೆವರು ಬಂದಷ್ಟೇ ಬೇಗ ಆರುತ್ತದೆ. ನಮ್ಮಲ್ಲಿ ಗಾಳಿಯೇ ಸಮುದ್ರ ಕುಡಿದು ಹೊಟ್ಟೆ ತುಂಬಿ ಕೂತಿರುತ್ತದೆ. ನಮ್ಮ ಬೆವರಿಗೆ ಅದರಲ್ಲಿ ಜಾಗ ಎಲ್ಲಿ? "ಇದು 34 ಅಲ್ರೀ, ಮೋಸ" ಅಂದವರು ಮರುದಿನವೇ ಬಸ್ಸು ಹತ್ತಿದರು.

ಇಂಥ ಊರಲ್ಲಿ ಕೂತು ನಾನು ಬರೆಯಬೇಕು. ಟಾಗೋರರು ಬರೆಯಲಿಲ್ವಾ ಅಂತ ಗೆಳೆಯರು ಕೇಳುತ್ತಾರೆ. ಹೌದು, 1883ರಲ್ಲಿ, ಕಾರವಾರದಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದು ಒಂದು ನಾಟಕ ಬರೆದರು. ಅದರ ಹೆಸರಿನ ಅರ್ಥ 'ಪ್ರಕೃತಿಯ ಸೇಡು' ಅಂತ. ಹೆಸರು ನೋಡಿದರೆ ಅವರಿಗೂ ಸಣ್ಣಗೆ ಬೆವರಿರಬೇಕು. ಆದರೆ ಹಪ್ಪಳ ಕಾಯಲು ಅವರಿಗೆ ಯಾರೂ ಹೇಳಿದಂತಿಲ್ಲ.

ನನಗೆ ಹೇಳುತ್ತಾರೆ. ನಮ್ಮ ಆಯಿಯ ಲೆಕ್ಕದಲ್ಲಿ ಬರೆಯುವುದು ಅಂದರೆ ಸುಮ್ನೆ ಕೂರುವುದು. ಹಲಸಿನಕಾಯಿ ಸೊಳೆ ಬೇಯಿಸಿ, ಕುಟ್ಟಿ, ಖಾರ ಉಪ್ಪು ಹಾಕಿ, ಒತ್ತಿ ಚಾಪೆಯ ಮೇಲೆ ಹರಡುವ ತನಕ ಅವಳ ಕೆಲಸ. ಆಮೇಲೆ, "ತಮಾ, ಹ್ಯಾಂಗಿದ್ರೂ ಸುಮ್ನೆ ಕುಂತಿದ್ಯಲ, ಹಪ್ಪಳ ನೋಡ್ಕ್ಯ."

ಆ ದಿನ ಬೇರೆ ಗತಿಯೂ ಇರಲಿಲ್ಲ. ಒಳಗೆ ಕರೆಂಟು ಹೋಗಿತ್ತು. ವಿಶೇಷಾಂಕಕ್ಕೆ ಲೇಖನ ಸಂಜೆಯೊಳಗೆ ಕಳಿಸಬೇಕಿತ್ತು. ವಿಷಯ: ಬೇಸಿಗೆಯ ಸೊಬಗು. ಮಧ್ಯಾಹ್ನ ಎರಡು ಲೋಟ ಅಪ್ಪೆಹುಳಿ ಬೇರೆ ಕುಡಿದಿದ್ದೆ. ಇಂಗಿನ ಒಗ್ಗರಣೆ ಬಿದ್ದ ಅಪ್ಪೆಹುಳಿ ಹೊಟ್ಟೆಗೆ ಇಳಿದ ಮೇಲೆ ರೆಪ್ಪೆ ಎತ್ತಲು ಇಬ್ಬರು ಬೇಕು. ಹಾಗಾಗಿ ಅಂಗಳದಲ್ಲಿ ಸ್ಟೂಲ್ ಹಾಕಿಕೊಂಡು, ಬರೀ ಪಂಚೆಯಲ್ಲಿ, ಎಡಗೈಲಿ ಕರಿ ಕೊಡೆ ಹಿಡಿದು ಕೂತೆ. ಕೊಡೆ ನನಗೆ ನೆರಳಿಗೆ, ಕಾಗೆಗೆ ಹೆದರಿಕೆಗೆ. ಬಲಗೈಲಿ ಮೊಬೈಲು. "ಬೇಸಿಗೆ ಎಂದರೆ" ಅಂತ ಬರೆದೆ. ಬೇಸಿಗೆ ಎಂದರೆ ಏನು ಅಂತ ಹೊಳೆಯಲಿಲ್ಲ.

ಬೆವರಿಗೂ ಮೊಬೈಲಿಗೂ ಒಂದು ವಿಚಿತ್ರ ಸಂಬಂಧ ಇದೆ, ಗಮನಿಸಿದ್ದೀರಾ? ಒದ್ದೆ ಬೆರಳಲ್ಲಿ ಎಷ್ಟು ಒತ್ತಿದರೂ ಅದು ಕದಲುವುದಿಲ್ಲ. ಆದರೆ ಮೂಗಿನ ತುದಿಯಿಂದ ಬಿದ್ದ ಹನಿಯನ್ನು ಬೆರಳೆಂದೇ ನಂಬಿ, ಹೇಳದ ಕೆಲಸವನ್ನೆಲ್ಲ ಮಾಡುತ್ತದೆ. ಎಷ್ಟು ಪದ ಬೇಕು ಅಂತ ನೋಡೋಣವೆಂದು ಸಂಪಾದಕರ ಮೆಸೇಜು ತೆರೆದೆ. ಟಪ್ ಅಂತ ಹನಿಯೊಂದು ಪರದೆಯ ಮೇಲ್ತುದಿಗೆ ಬಿತ್ತು. ಒರೆಸುವಷ್ಟರಲ್ಲಿ ಮಾವಿನ ಮರದಿಂದ ಕಾಗೆಗಳ ದಂಡೇ ಇಳಿಯಿತು.

ಎದ್ದು ಕೊಡೆ ಬೀಸಿದೆ. ಒಂದು ಕಾಗೆ ಹಪ್ಪಳವನ್ನು ಬಾಯಲ್ಲಿ ಕಚ್ಚಿಕೊಂಡು, ನನ್ನನ್ನೇ ನೋಡುತ್ತಾ ಎರಡು ಹೆಜ್ಜೆ ಹಿಂದೆ ಸರಿದು ನಿಂತಿತು. ಆ ಧೈರ್ಯಕ್ಕೆ ನನ್ನ ಪಿತ್ತ ನೆತ್ತಿಗೇರಿತು.

"ಹಾಳಾಗ್ ಹೋಗಿ! ಕಷ್ಟಪಟ್ಟು ಮಾಡಿದ್ದನ್ನ ಪುಕ್ಕಟೆ ಹೊಡ್ಕೊಂಡ್ ಹೋಗ್ತೀರಾ? ನಾಚಿಕೆ ಇಲ್ವಾ ನಿಮಗೆ?"

"ಭಟ್ರೇ, ಭಟ್ರೇ... ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ."

ದನಿ ನನ್ನ ಕೈಯಿಂದಲೇ ಬಂದಿತ್ತು. ನೋಡಿದರೆ ವಿಡಿಯೋ ಕಾಲು. ಬೆಂಗಳೂರಿನ ಎಸಿ ಕೋಣೆಯಲ್ಲಿ ಸಂಪಾದಕರು ಬೆವರುತ್ತಿದ್ದರು. ಅವರಿಗೆ ಕಂಡದ್ದು ಬರಿಮೈಯ, ಕೆಂಪು ಮುಖದ, ಕೊಡೆ ಎತ್ತಿದ ಒಬ್ಬ ಲೇಖಕ.

"ಹೋದ ಸಲದ ಸಂಭಾವನೆ ತಡ ಆಗಿದ್ದು ನಿಜ. ತಪ್ಪು ನಮ್ಮದೇ. ಇವತ್ತೇ ಹಾಕಿಸ್ತೀನಿ."

ನಾನು ಕಾಗೆಯ ವಿಷಯ ಹೇಳಲು ಬಾಯಿ ತೆರೆದೆ. ತೆರೆದವನು, ಒಂದು ಕ್ಷಣ ಯೋಚಿಸಿ, ಮುಚ್ಚಿದೆ. ಮುಖ ಮಾತ್ರ ಹಾಗೇ ಗಂಟಿಕ್ಕಿಕೊಂಡೇ ಇದ್ದೆ.

ಸಂಜೆ ಕರೆಂಟು ಬರುವ ಮೊದಲು ದುಡ್ಡು ಬಂತು. ಲೇಖನ ಯಾವಾಗ ಅಂತ ಅವರು ಕೇಳಲೇ ಇಲ್ಲ. ಆಯಿ ಹಪ್ಪಳ ಎಣಿಸಿ, ಒಂಬತ್ತು ಕಡಿಮೆ ಇದೆ, ಈ ಮಾಣಿ ಒಂದಕ್ಕೂ ಪ್ರಯೋಜನ ಇಲ್ಲ ಅಂತ ಬೈಯುತ್ತಾ ಕೊಡೆ ಒಳಗೆ ಒಯ್ಯಲು ಬಂದಳು.

ಇನ್ನೂ ಎರಡು ಪತ್ರಿಕೆಗಳಿಂದ ಬರುವುದು ಬಾಕಿ ಇದೆ. ಕೊಡೆ ಇಲ್ಲೇ ಇರಲಿ ಅಂದೆ.