ಬಿಳಿ ಹಸು ಬೂದು ಬಣ್ಣಕ್ಕೆ ಬಂದಾಗ

ಫೋಟೋಗ್ರಫಿ ಕಲಿಯೋಕೆ ಒಂದು ವರ್ಷ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ ಸರ್. ನಾನು ಶುರು ಮಾಡಿದ್ದು ರೀಲು ಕ್ಯಾಮೆರಾದಲ್ಲಿ, ರೀಲಿಗೆ 36 ಫೋಟೋ. ಪ್ರತಿಯೊಂದರ ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನೋದು), ಶಟರ್ ಸ್ಪೀಡ್ (ಬೆಳಕು ಎಷ್ಟು ಹೊತ್ತು ಒಳಗೆ ಬರುತ್ತದೆ ಅನ್ನೋದು) ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಪ್ರಿಂಟ್ ಬಂದ ಮೇಲೆ ಪಕ್ಕದಲ್ಲಿಟ್ಟು ನೋಡಿದಾಗಲೇ ತಪ್ಪು ಎಲ್ಲಿ ಅಂತ ಗೊತ್ತಾಗುತ್ತಿತ್ತು. ಒಳ್ಳೆ ಬಿಸಿಲಿದ್ದರೆ ಐಎಸ್ಒ 100ರ (ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಅನ್ನೋ ಅಳತೆ) ಫಿಲ್ಮಿಗೆ ಅಪರ್ಚರ್ ಎಫ್ 16, ಶಟರ್ 1/125 ಸೆಕೆಂಡ್. ಈ ಲೆಕ್ಕ ಇವತ್ತಿಗೂ ಬಾಯಿಪಾಠ.

ಆದರೆ ಜಾಸ್ತಿ ಕಲಿತದ್ದು ಹೇಳಿಕೊಡಲು ಕೂತ ಮೇಲೆ. ಒಬ್ಬಳು ಹುಡುಗಿ ಬಿಳಿ ಹಸುವಿನ ಫೋಟೋ ತೋರಿಸಿ, "ಇದ್ಯಾಕೆ ಬೂದು ಬಣ್ಣಕ್ಕೆ ಬಂತು?" ಅಂತ ಕೇಳಿದಳು. ಬೆಳಕು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡರಷ್ಟು) ಜಾಸ್ತಿ ಕೊಡಬೇಕು ಅಂತ ಗೊತ್ತಿತ್ತು. ಯಾಕೆ ಅಂತ ಹೇಳಲು ಬರಲಿಲ್ಲ. ಮನೆಗೆ ಬಂದು ಓದಿದೆ. ಎದುರಿಗಿರುವುದೆಲ್ಲ ನಡು ಬೂದು ಬಣ್ಣದ್ದೇ ಅಂದುಕೊಂಡು ಕ್ಯಾಮೆರಾದ ಮೀಟರ್ ಬೆಳಕು ಅಳೆಯುತ್ತದೆ. ಅದಕ್ಕೇ ಬಿಳಿ ಹಸು ಮಂಕಾಗುತ್ತದೆ, ಕರಿ ಎಮ್ಮೆಯೂ ಬೂದಾಗುತ್ತದೆ!

ನಮ್ಮ ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರನ್ನೇ ನೋಡಿ. ಹಿರಿಯ ಛಾಯಾಗ್ರಾಹಕ ಓ.ಸಿ. ಎಡ್ವರ್ಡ್ಸ್ ಅವರ ಬಳಿ ಕಲಿತರು, ಕಾಡಿನಲ್ಲಿ ದಶಕಗಟ್ಟಲೆ ಫೋಟೋ ತೆಗೆದರು, ಎಷ್ಟೋ ಕಿರಿಯರಿಗೆ ತಾವೇ ಗುರುವಾದರು. 2017ರಲ್ಲಿ ತೀರಿಕೊಂಡರು. ಮುಂದಿನ ಸಲ ದಯವಿಟ್ಟು ಅವರ ಬಗ್ಗೆ ಬರೆಯಿರಿ.