ಉಪ್ಪಿನ ಬಯಲಲ್ಲಿ ಉಳಿದ ಬೂಟು

ಎಡವಲು ಕಲ್ಲಿಲ್ಲ, ಬೀಳಲು ಹಳ್ಳವಿಲ್ಲ, ಅಟ್ಟಿಸಿಕೊಂಡು ಬರಲು ನಾಯಿಯೂ ಇಲ್ಲ. ಹೋದಲ್ಲೆಲ್ಲ ಒಂದಲ್ಲ ಒಂದು ಎಡವಟ್ಟು ಮಾಡಿಕೊಳ್ಳುವ ನನ್ನಂಥವನಿಗೆ ಗುಜರಾತಿನ ಉಪ್ಪಿನ ಬಯಲು, ಕಛ್‌ನ ಬಿಳಿ ರಣ್‌ಗಿಂತ ಸೇಫ್ ಜಾಗ ಇನ್ನೊಂದಿಲ್ಲ ಅಂತ ಅಕ್ಕ ತೀರ್ಮಾನಿಸಿದಳು. ಭಾವ ತಲೆಯಾಡಿಸಿದರು. ಅವರು ಯಾವಾಗಲೂ ತಲೆಯಾಡಿಸುತ್ತಾರೆ. ಮೂವರೂ ನವೆಂಬರ್ ಮೊದಲ ವಾರವೇ ಹೊರಟೆವು, ಯಾಕಂದ್ರೆ ಆಗ ಜನ ಕಡಿಮೆ. ಜನ ಯಾಕೆ ಕಡಿಮೆ ಅಂತ ಮಾತ್ರ ಯಾರೂ ಯೋಚಿಸಲಿಲ್ಲ.

ರಣ್ ವರ್ಷವಿಡೀ ಒಣಗಿರುವುದಿಲ್ಲ, ಅದೇ ಕಾರಣ. ಒಂದು ಕಾಲಕ್ಕೆ ಅದು ಅರಬ್ಬಿ ಸಮುದ್ರದ ತೋಳಾಗಿತ್ತು, ಆಮೇಲೆ ಹೂಳು ತುಂಬಿ ಬಯಲಾಯಿತು. ಆದರೆ ಮಳೆಗಾಲದಲ್ಲಿ ಹಳೇ ನೆನಪು ಬಂದವರ ಹಾಗೆ ಮಳೆನೀರು, ಸಮುದ್ರದ ನೀರು ಎರಡೂ ಬಂದು ಅಲ್ಲೇ ಕೂರುತ್ತವೆ. ನೆಲ ಎಷ್ಟು ಮಟ್ಟಸವೆಂದರೆ ನೀರಿಗೆ ಯಾವ ಕಡೆ ಹರಿಯಬೇಕು ಅಂತಲೇ ತಿಳಿಯುವುದಿಲ್ಲ. ಕೊನೆಗೆ ಬಿಸಿಲಿಗೆ ಆವಿಯಾಗಿ ಹೋಗುತ್ತದೆ, ಬಾಡಿಗೆ ಮನೆ ಬಿಡುವವರು ಸಾಮಾನೆಲ್ಲ ಅಲ್ಲೇ ಬಿಟ್ಟು ಹೋದ ಹಾಗೆ ಉಪ್ಪನ್ನು ಬಿಟ್ಟು. ಇದೆಲ್ಲ ಮುಗಿದು ಬಯಲು ಗಟ್ಟಿಯಾಗಿ ಬೆಳ್ಳಗಾಗುವ ಹೊತ್ತಿಗೆ ಡಿಸೆಂಬರ್, ಜನವರಿ ಆಗುತ್ತದೆ. ನಾವು ಹೋದಾಗ ನೀರು ಇನ್ನೂ ಬಾಗಿಲಲ್ಲೇ ನಿಂತಿತ್ತು.

ರಣ್ ಅಂಚಿನ ಹಳ್ಳಿ ಧೋರ್ಡೊ ದಾಟಿ ಕಾರಿಂದ ಇಳಿದಾಗ ಡ್ರೈವರ್ ಒಂದೇ ಮಾತು ಹೇಳಿದರು: "ಆಗೇ ಮತ್ ಜಾನಾ, ನೀಚೇ ಕೀಚಡ್ ಹೈ." ನಾನು "ಹಾಂ ಹಾಂ" ಅಂದೆ. ಹಿಂದಿಯಲ್ಲಿ ನನಗೆ ಚೆನ್ನಾಗಿ ಬರುವ ಎರಡು ಪದ ಅವೇ. ಮುಂದೆ ಹೋಗಬೇಡಿ, ಕೆಳಗೆ ಕೆಸರಿದೆ ಅಂತ ಅವರು ಹೇಳಿದ್ದು ಆಮೇಲೆ ತಿಳಿಯಿತು.

ಉಪ್ಪಿನ ಬಯಲಲ್ಲಿ ಎಲ್ಲರೂ ತೆಗೆಯುವ ಒಂದು ಫೋಟೋ ಇದೆಯಲ್ಲ, ಒಬ್ಬರ ಅಂಗೈ ಮೇಲೆ ಇನ್ನೊಬ್ಬರು ನಿಂತ ಹಾಗೆ ಕಾಣುವುದು. ಸುತ್ತ ಮರ, ಮನೆ, ಕಂಬ ಏನೂ ಇಲ್ಲದ್ದರಿಂದ ಯಾವುದು ಹತ್ತಿರ, ಯಾವುದು ದೂರ ಅಂತ ಕಣ್ಣಿಗೆ ಲೆಕ್ಕ ಸಿಗುವುದಿಲ್ಲ, ಅಷ್ಟೇ ಗುಟ್ಟು. ಅಂಗೈ ಅಕ್ಕನದು. ಅದರ ಮೇಲೆ ನಿಲ್ಲುವವನು ನಾನು. ಭಾವ ಫೋನ್ ಹಿಡಿದು ನೆಲದ ಮೇಲೆ ಮಲಗಿದರು.

"ಇನ್ನೂ ಹಿಂದೆ ಹೋಗೋ."

ಹೋದೆ.

"ಇನ್ನೂ ದಪ್ಪ ಕಾಣ್ತಿದ್ದೀಯ, ಕೈಯಲ್ಲಿ ಹಿಡಿಸ್ತಿಲ್ಲ. ಇನ್ನೂ ಹಿಂದೆ!"

ದಪ್ಪ ಅಂದಮೇಲೆ ರೋಷಕ್ಕೆ ನಾಲ್ಕು ಹೆಜ್ಜೆ ಜಾಸ್ತಿಯೇ ಇಟ್ಟೆ. ನಾಲ್ಕನೆಯದಕ್ಕೆ ಹಪ್ಪಳ ಮುರಿದ ಹಾಗೆ ಸದ್ದಾಯಿತು, ಬಲಗಾಲು ಮೀನಖಂಡದವರೆಗೆ ಒಳಗೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತಾರೆ. ಇದು ಹಾಲೇ ಅಲ್ವಾ ಅನ್ನಿಸಿತು, ಮೇಲೆ ಕೆನೆ, ಕೆಳಗೆ ನುಣ್ಣಗಿನ ಕಪ್ಪು ಕೆಸರು. ದೀಪದ ಬತ್ತಿ ಎಣ್ಣೆ ಹೀರುವಂತೆ ಮಣ್ಣು ಅಡಿಯ ಉಪ್ಪುನೀರನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಮೇಲೆ ಬಂದ ನೀರು ಆವಿಯಾಗಿ ಉಪ್ಪಿನ ಪದರ ಕಟ್ಟುತ್ತದೆ, ಆ ಪದರವೇ ಮುಚ್ಚಳವಾಗಿ ಅಡಿಯ ಕೆಸರನ್ನು ಒಣಗಲು ಬಿಡುವುದಿಲ್ಲ. ಜಗತ್ತಿನ ಉಪ್ಪಿನ ಬಯಲುಗಳಲ್ಲಿ ಜೇನುಗೂಡಿನಂಥ ಗೆರೆಗಳು ಕಾಣುವುದೂ ಈ ಅಡಿಯ ನೀರಿನಿಂದಲೇ, ಅಡಿಯಲ್ಲಿ ಭಾರವಾದ ಉಪ್ಪುನೀರು ಇಳಿಯುತ್ತ ಹಗುರ ನೀರು ಏರುತ್ತ ಸುತ್ತುತ್ತಿರುತ್ತದಂತೆ, 2023ರಲ್ಲಿ ವಿಜ್ಞಾನಿಗಳು ಹೀಗೆ ವಿವರಿಸಿದರು. ಕಾಲು ಸಿಕ್ಕಿಕೊಂಡವನಿಗೆ ಇದೆಲ್ಲ ಆಮೇಲೆ ಓದಿ ಗೊತ್ತಾದ ಸಂಗತಿ. ಆ ಹೊತ್ತಿಗೆ ಗೊತ್ತಿದ್ದದ್ದು "ಅಕ್ಕಾ!" ಒಂದೇ.

ಅಕ್ಕ ನಗುತ್ತಿದ್ದಳು. ಭಾವ ಮಲಗಿದಲ್ಲಿಂದಲೇ ಫೋಟೋ ತೆಗೆಯುತ್ತಿದ್ದರು.

ಇಂಥ ಬಯಲು ದೊಡ್ಡದೊಡ್ಡವರಿಗೂ ಕೈಕೊಟ್ಟಿದೆ ಅನ್ನುವುದು ನನ್ನ ಸಮಾಧಾನ. ಬ್ರಿಟನ್ನಿನ ವೇಗದ ಚಾಲಕ ಡೊನಾಲ್ಡ್ ಕ್ಯಾಂಪ್‌ಬೆಲ್ 1963ರಲ್ಲಿ ನೆಲದ ಮೇಲಿನ ವೇಗದ ದಾಖಲೆ ಮುರಿಯಲು ಬ್ಲೂಬರ್ಡ್ ಎಂಬ ಕಾರನ್ನು ಆಸ್ಟ್ರೇಲಿಯಾದ ಲೇಕ್ ಏರ್ ಎಂಬ ಉಪ್ಪಿನ ಒಣಕೆರೆಗೆ ಒಯ್ದರು. ವರ್ಷಗಟ್ಟಲೆ ಮಳೆ ಕಾಣದ ಜಾಗ. ಅವರು ಹೋದದ್ದೇ ತಡ, ಮಳೆ ಬಂತು, ಎಲ್ಲ ಗಂಟುಮೂಟೆ ಕಟ್ಟಬೇಕಾಯಿತು. ಮರುವರ್ಷ ಅಲ್ಲೇ ಗಂಟೆಗೆ ಸುಮಾರು 648 ಕಿಲೋಮೀಟರ್ ಓಡಿಸಿ ದಾಖಲೆ ಮಾಡಿದರು ಬಿಡಿ. ಅಮೆರಿಕದ ಡೆತ್ ವ್ಯಾಲಿಯ ಒಣಕೆರೆಯೊಂದರಲ್ಲಿ ಕಲ್ಲುಗಳೇ ತಾವಾಗಿ ಜರುಗಿ ನೆಲದ ಮೇಲೆ ಗೀಟು ಎಳೆಯುತ್ತವೆ. ದೆವ್ವವಲ್ಲ, ಚಳಿಯಲ್ಲಿ ಕಟ್ಟಿದ ತೆಳು ಮಂಜುಗಡ್ಡೆಯನ್ನು ಗಾಳಿ ತಳ್ಳಿದಾಗ ಅದು ಕಲ್ಲನ್ನೂ ತಳ್ಳುತ್ತದೆ. ಅಂದರೆ ಒಣಕೆರೆಯಲ್ಲಿ ಕಲ್ಲೂ ಜರುಗುತ್ತದೆ. ನಾನು ಜರುಗಲಿಲ್ಲ.

ಭಾವ ಎಳೆಯಲು ಬಂದರು, ಅವರದೂ ಒಂದು ಕಾಲು ಹೋಯಿತು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ಹೊಸದಾಗಿ ನೃತ್ಯ ಕಲಿಯುವವರ ಹಾಗೆ ತೂಗಾಡಿ, ಕೊನೆಗೆ ನನ್ನ ಕಾಲು ಪಚಕ್ ಅಂತ ಹೊರಗೆ ಬಂತು. ಬೂಟು ಬರಲಿಲ್ಲ. ಕೈ ಹಾಕಿ ಹುಡುಕಿದೆ, ತೋಳಿಗೆಲ್ಲ ಕೆಸರಾಯಿತೇ ವಿನಾ ಬೂಟಿನ ಸುಳಿವಿಲ್ಲ. ಮೊಣಕೈ ಬೇರೆ ತರಚಿತ್ತು. ಗಾಯಕ್ಕೆ ಉಪ್ಪು ಸವರುವುದು ಅಂದರೇನು ಅಂತ ಯಾರಾದರೂ ಕೇಳಿದರೆ ಈಗ ಅನುಭವದಿಂದ ಹೇಳಬಲ್ಲೆ.

ಸ್ವಲ್ಪ ದೂರದಲ್ಲಿ ನೀರು ಮಿಂಚುತ್ತಿತ್ತು. ಕಾಲು ತೊಳೆಯೋಣ ಅಂತ ಕುಂಟುತ್ತ ಹೊರಟೆ. ನಾನು ಹೋದಷ್ಟೂ ಅದೂ ಹೋಗುತ್ತಿತ್ತು. ಬಿಸಿಲುಗುದುರೆ! ಚಿಕ್ಕ ರಣ್ ಅನ್ನುವ ಇನ್ನೊಂದು ಬಯಲಲ್ಲಿ ನಿಜವಾದ ಕಾಡುಕತ್ತೆಗಳಿವೆ, ಅವುಗಳಿಗೆಂದೇ ಅಭಯಾರಣ್ಯವಿದೆ. ನಾನಿದ್ದದ್ದು ದೊಡ್ಡ ರಣ್‌ನಲ್ಲಿ. ಆದರೂ ನನಗೆ ಕಂಡದ್ದು ಬಿಸಿಲುಗುದುರೆ, ಅಕ್ಕನಿಗೆ ಕಂಡದ್ದು ಕಾಡುಕತ್ತೆ.

ರಾತ್ರಿ ಕನ್ನಡಿ ನೋಡಿದರೆ ಗದ್ದದ ಅಡಿ, ಮೂಗಿನ ಹೊಳ್ಳೆಯ ಅಂಚು ಕೆಂಪಗೆ ಸುಟ್ಟಿತ್ತು. ಸನ್‌ಸ್ಕ್ರೀನ್ ಹಚ್ಚಿದ್ದೆ, ಆದರೆ ಬಿಸಿಲು ಮೇಲಿಂದ ಬೀಳುತ್ತದೆ ಅಂತ ಹಣೆ, ಕೆನ್ನೆಗೆ ಮಾತ್ರ. ಉಪ್ಪು ಕನ್ನಡಿಯ ಹಾಗೆ ಕೆಳಗಿಂದ ಹೊಡೆಯುತ್ತದೆ ಅಂತ ಯಾರಿಗೆ ಗೊತ್ತಿತ್ತು? ರಣಬಿಸಿಲು ಅನ್ನುವ ಪದ ಚಿಕ್ಕಂದಿನಿಂದ ಕೇಳಿದ್ದೆ. ಅದು ಎರಡು ಕಡೆಯಿಂದಲೂ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಉಳಿದ ಎಡಗಾಲಿನ ಬೂಟನ್ನು ಎಸೆಯಲು ಹೋದರೆ ಅಕ್ಕ ಬಿಡಲಿಲ್ಲ. "ಇರಲಿ ಬಿಡೋ, ಇನ್ನೊಂದು ಸಿಕ್ಕಿದ್ರೆ?" ಅಂದಳು. ಎಷ್ಟು ತೊಳೆದರೂ ಅದರ ಉಪ್ಪು ಹೋಗಿಲ್ಲ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಸಾಕು, ಒಂದು ಹನಿ ಮಳೆ ಬೀಳುವ ಮೊದಲೇ ತಾನಾಗಿ ಒದ್ದೆಯಾಗುತ್ತದೆ. ಮೊನ್ನೆ ಭಾವ ಬಂದವರು ಮೊದಲು ಅದನ್ನೇ ಮುಟ್ಟಿ ನೋಡಿ, "ಕೊಡೆ ತಗೊಂಡು ಹೋಗೋ" ಅಂದರು.