ಚೀಲಕ್ಕೆ ನೆನಪಿದೆ

ಕವಡೆಗೆ ಮರೆವು ಜಾಸ್ತಿ. ಚೌಕಾಬಾರದಲ್ಲಿ ನಾಲ್ಕೂ ಕವುಚಿ ಬಿದ್ದು ಎಂಟು ಬಂತು ಅನ್ನಿ. ಮರುಗಳಿಗೆ ಅದೇ ಕವಡೆಗಳನ್ನು ಕೈಗೆತ್ತಿಕೊಂಡರೆ ಹಿಂದಿನದು ಅವಕ್ಕೆ ಏನೂ ಗೊತ್ತಿಲ್ಲ. ಹೌಸಿ ಆಟದ ಚೀಲ ಹಾಗಲ್ಲ. 1ರಿಂದ 90ರವರೆಗಿನ ಬಿಲ್ಲೆಗಳಲ್ಲಿ 37 ಒಮ್ಮೆ ಹೊರಗೆ ಬಂದರೆ ಆ ಆಟ ಮುಗಿಯುವ ತನಕ ಅದು ಹೊರಗೇ. ಎಷ್ಟು ತೆಗೆದೆವು, ಏನು ಉಳಿಯಿತು ಅನ್ನುವುದನ್ನೆಲ್ಲ ಚೀಲ ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ.

ಜರ್ಮನಿಯ ‘ಶ್ಪೀಲ್ ಡೆಸ್ ಯಾರೆಸ್’, ಅಂದರೆ ವರ್ಷದ ಆಟ ಪ್ರಶಸ್ತಿ, 1979ರಿಂದ ನಡೆದುಬಂದಿದೆ. ಗೆದ್ದವರಿಗೆ ದುಡ್ಡಿನ ಥೈಲಿ ಸಿಗುವುದಿಲ್ಲ. ಡಬ್ಬಿಯ ಮೇಲೆ ಕೆಂಪು ಕಾಯಿಯ ಮುದ್ರೆ ಹಾಕಿಕೊಳ್ಳುವ ಹಕ್ಕು ಸಿಗುತ್ತದೆ, ಅದಕ್ಕೂ ಶುಲ್ಕ ಕಟ್ಟಬೇಕು. ಆದರೂ ಆ ಮುದ್ರೆ ಕಂಡರೆ ಅಲ್ಲಿಯ ಮನೆಮಂದಿ ಕಣ್ಣುಮುಚ್ಚಿ ಆಟವನ್ನು ಖರೀದಿಸುತ್ತಾರೆ. 2011ರಿಂದ ಪಳಗಿದ ಆಟಗಾರರಿಗೆಂದು ಇನ್ನೊಂದು ಪ್ರಶಸ್ತಿಯೂ ಇದೆ. 2018ರಲ್ಲಿ ಇವೆರಡನ್ನೂ ಗೆದ್ದದ್ದು ಚೀಲದ ಆಟಗಳೇ. ಮೊದಲನೆಯದು ಮಿಖಾಯೆಲ್ ಕೀಸ್ಲಿಂಗ್ ಅವರ ‘ಅಜುಲ್’. ಎರಡನೆಯದು ವೋಲ್ಫ್‌ಗಾಂಗ್ ವಾರ್ಶ್ ಅವರದು. ಅದರ ಜರ್ಮನ್ ಹೆಸರನ್ನು ಕನ್ನಡಕ್ಕೆ ತಂದರೆ ‘ಕ್ವೆಡ್ಲಿನ್‌ಬುರ್ಗಿನ ಅಳಲೆಕಾಯಿ ಪಂಡಿತರು’. ಆ ವರ್ಷ ವಾರ್ಶ್ ಅವರ ಮೂರು ಆಟಗಳು ಅಂತಿಮ ಪಟ್ಟಿಯಲ್ಲಿದ್ದವು. ಅವುಗಳಲ್ಲಿ ಒಂದು, ಬಾಯಿ ಬಿಡದೆ ಆಡುವ ‘ದಿ ಮೈಂಡ್’, ಅಜುಲ್‌ಗೆ ಸೋತಿತು. ಸೋತದ್ದು ಸರಿಯೇ.

ಅಜುಲ್‌ನಲ್ಲಿ ಪೋರ್ಚುಗಲ್ಲಿನ ಗೋಡೆ ಬಿಲ್ಲೆಗಳ ಸೊಗಸಿದೆ. ಐದು ಬಣ್ಣ, ಬಣ್ಣಕ್ಕೆ 20, ಒಟ್ಟು 100 ಬಿಲ್ಲೆ. ಚೀಲದಿಂದ ತೆಗೆದು ದುಂಡು ತಟ್ಟೆಗಳ ಮೇಲೆ ನಾಲ್ಕು ನಾಲ್ಕು ಇಡಬೇಕು: ಇಬ್ಬರಿದ್ದರೆ 5 ತಟ್ಟೆ, ಮೂವರಿಗೆ 7, ನಾಲ್ವರಿಗೆ 9. ಸರದಿ ಬಂದವರು ಒಂದು ತಟ್ಟೆಯಿಂದ ಒಂದು ಬಣ್ಣದ ಅಷ್ಟೂ ಬಿಲ್ಲೆ ತೆಗೆದುಕೊಂಡು ಮಿಕ್ಕಿದ್ದನ್ನು ನಡುವಿಗೆ ತಳ್ಳುತ್ತಾರೆ. ಇಲ್ಲವೇ ನಡುವಿನ ರಾಶಿಯಿಂದ ಒಂದು ಬಣ್ಣವನ್ನು ಪೂರ್ತಿ ಬಳಿದುಕೊಳ್ಳುತ್ತಾರೆ. ತಂದದ್ದನ್ನು ತಮ್ಮ ಹಲಗೆಯ ಮೇಲಿನ 1ರಿಂದ 5 ಮನೆಗಳ ಸಾಲುಗಳಲ್ಲಿ ಒಂದಕ್ಕೆ ತುಂಬಬೇಕು. ಹಿಡಿಸದೆ ಮಿಕ್ಕಿದ್ದು ಕೆಳಗಿನ ‘ನೆಲ’ಕ್ಕೆ. ಅಲ್ಲಿ ಏಳು ಮನೆ, ಏಳೂ ತುಂಬಿದರೆ 14 ಅಂಕ ಖೋತಾ. ಸುತ್ತಿನ ಕೊನೆಗೆ ನಡುವೆ ಆರು ಕೆಂಪು ಬಿಲ್ಲೆ ಬಿದ್ದಿದ್ದು, ಅದನ್ನು ಎತ್ತಲೇಬೇಕಾದ ಸರದಿ ಯಾರದೋ ಅವರ ಮುಖ ನೋಡಬೇಕು. ಬಡಿಸಿದ್ದನ್ನು ಎಲೆಯಲ್ಲಿ ಬಿಡುವ ಹಾಗಿಲ್ಲ.

ಹೊಸಬರು ಎಡವುವುದು ಮಾತ್ರ ಬೇರೆ ಕಡೆ. ಸಾಲು ತುಂಬಿದಾಗ ಒಂದು ಬಿಲ್ಲೆ ಪಕ್ಕದ ‘ಗೋಡೆ’ಗೆ, ಅಂದರೆ ಅದೇ ಹಲಗೆಯ ಚೌಕಗಳಿಗೆ, ಹೋಗುತ್ತದೆ, ಉಳಿದವು ಡಬ್ಬಿಯ ಮುಚ್ಚಳಕ್ಕೆ. ಅವನ್ನು ಆಗಲೇ ಚೀಲಕ್ಕೆ ಹಾಕಿಬಿಟ್ಟರೆ ಆಟ ಕೆಟ್ಟಿತು. ಚೀಲ ಪೂರಾ ಬರಿದಾದ ಮೇಲಷ್ಟೇ ಮುಚ್ಚಳದ್ದು ಒಳಗೆ ಹೋಗಬೇಕು. ಯಾಕೆ ಅನ್ನುವುದಕ್ಕೆ ಲೆಕ್ಕ ನೋಡಿ. ನಾಲ್ವರ ಆಟದಲ್ಲಿ ಸುತ್ತಿಗೆ 36 ಬಿಲ್ಲೆ. ಎರಡು ಸುತ್ತಿಗೆ 72. ಮೂರನೆಯದರಲ್ಲಿ ಏಳು ತಟ್ಟೆ ತುಂಬುವಷ್ಟರಲ್ಲಿ ಚೀಲ ಖಾಲಿ. ಇಬ್ಬರ ಆಟ ಇನ್ನೂ ಚೆಂದ: ಸುತ್ತಿಗೆ 20, ಐದು ಸುತ್ತಿಗೆ ಸರಿಯಾಗಿ 100. ಗೋಡೆಯ ಒಂದು ಅಡ್ಡಸಾಲನ್ನು ಯಾರಾದರೂ ಮುಗಿಸಿದರೆ ಆ ಸುತ್ತಿಗೆ ಆಟ ಮುಗಿಯಿತು. ಅದಕ್ಕೆ ಕನಿಷ್ಠ ಐದು ಸುತ್ತು ಬೇಕು, ಹಾಗಾಗಿ ಚೀಲ ಬರಿದಾಗುವ ಸುತ್ತೂ ಆಟ ಮುಗಿಯಬಹುದಾದ ಸುತ್ತೂ ಒಂದೇ. ನಾಲ್ಕು ಸುತ್ತಿನಲ್ಲಿ 18 ನೀಲಿ ಹೊರಬಿದ್ದಿದ್ದರೆ ಐದನೆಯದರಲ್ಲಿ ಬರುವುದು ಎರಡೇ. ಐದು ಮನೆಯ ಖಾಲಿ ಸಾಲಿಗೆ ನೀಲಿಯನ್ನು ನಂಬಿ ಕೂತರೆ ರದ್ದಾದ ಬಸ್ಸಿಗೆ ಕಾದ ಹಾಗೆ.

ಕುಲುಕುವುದರಲ್ಲೂ ಒಂದು ಹದವಿದೆ. ಐದರ ಸಾಲು ತುಂಬಿದರೆ ಮುಚ್ಚಳಕ್ಕೆ ಒಂದೇ ಬಣ್ಣದ ನಾಲ್ಕು ಬೀಳುತ್ತವೆ, ನಾಲ್ಕರ ಸಾಲಿನಿಂದ ಮೂರು. ಹಾಗೇ ಸುರಿದರೆ ಅಣ್ಣತಮ್ಮಂದಿರು ಚೀಲದಲ್ಲೂ ಒಟ್ಟಿಗೇ ಇದ್ದು ಒಂದೇ ತಟ್ಟೆಗೆ ಬಂದು ಕೂರುತ್ತಾರೆ. ಮೇಲಿಂದ ಎರಡು ಸಲ ಅಲ್ಲಾಡಿಸಿದರೆ ಸಾಲದು. ಬಾಯಿ ಬಿಗಿ ಹಿಡಿದು, ಒಳಗೆ ಗಾಳಿಗೆ ಜಾಗ ಬಿಟ್ಟು, ಚೀಲವನ್ನು ನಾಲ್ಕೈದು ಸಲ ತಲೆಕೆಳಗು ಮಾಡಬೇಕು.

ಅಳಲೆಕಾಯಿ ಪಂಡಿತರದು ಇನ್ನೊಂದು ಬಗೆ. ಇಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಚೀಲ, ಸ್ವಂತ ಕಷಾಯದ ಕೊಪ್ಪರಿಗೆ. ಶುರುವಿನಲ್ಲಿ 9 ಬಿಲ್ಲೆ: ಕಿತ್ತಳೆ ಒಂದು, ಹಸಿರು ಒಂದು, ಬಿಳಿ ಏಳು. ಬಿಳಿಯದು ಪಟಾಕಿಯಂಥ ಸಾಮಗ್ರಿ. 1ರವು ನಾಲ್ಕು, 2ರವು ಎರಡು, 3ರದು ಒಂದು. ಒಂದೊಂದೇ ತೆಗೆದು ಕೊಪ್ಪರಿಗೆಗೆ ಹಾಕುತ್ತಾ ಹೋದ ಹಾಗೆ ಬಿಳಿಯ ಮೊತ್ತ 7 ದಾಟಿದರೆ ಢಂ. ಆಗ ಆ ಸುತ್ತಿನ ಅಂಕ ಬೇಕೋ ಹೊಸ ಸಾಮಗ್ರಿ ಬೇಕೋ, ಒಂದನ್ನೇ ಆರಿಸಬೇಕು. ಮೊದಮೊದಲು ಸಿಡಿದವರು ಸಾಮಗ್ರಿ ಕೊಳ್ಳುವುದೇ ಜಾಣತನ. ಕೊಂಡದ್ದೂ ಸುರಿದದ್ದೂ ಎಲ್ಲ ಚೀಲಕ್ಕೇ ವಾಪಸ್, ಮುಂದಿನ ಸುತ್ತಿಗೆ ಚೀಲ ಅಷ್ಟು ದಪ್ಪ.

ಬಿಳಿಯನ್ನು ಕಮ್ಮಿ ಮಾಡುವುದು ಸುಲಭವಲ್ಲ, ಬೇರೆಯದನ್ನು ಸೇರಿಸಿ ತೆಳುವಾಗಿಸಬಹುದು. 3, 2, 2 ಮೂರೇ ಹೊರಬಂದು ಮೊತ್ತ 7 ಮುಟ್ಟಿತು ಅನ್ನಿ. ಮೊದಲ ಸುತ್ತಾದರೆ ಒಳಗೆ ಉಳಿದ ಆರರಲ್ಲಿ ನಾಲ್ಕು ಬಿಳಿ, ಕೈ ತೆಗೆಯುವುದೇ ಕ್ಷೇಮ. ಬಣ್ಣದವು ಇನ್ನೂ ನಾಲ್ಕು ಸೇರಿದ ಮೇಲಾದರೆ ಹತ್ತರಲ್ಲಿ ನಾಲ್ಕು, ಆಸೆಪಡಬಹುದು. ಪಕ್ಕದಲ್ಲಿರುವ ಸೀಸೆಯನ್ನು ಖರ್ಚು ಮಾಡಿದರೆ ಆಗಷ್ಟೇ ತೆಗೆದ ಬಿಳಿಯನ್ನು ಒಳಗೆ ಹಾಕಬಹುದು. ಆದರೆ ಕೊಪ್ಪರಿಗೆ ಸಿಡಿಸಿದ ಬಿಳಿಗೆ ಆ ರಿಯಾಯಿತಿ ಇಲ್ಲ. ಸಿಡಿದ ಮೇಲೆ ಸೀಸೆಗೆ ಕೈ ಚಾಚುವವರು ಪ್ರತಿ ಮೇಜಿನಲ್ಲೂ ಒಬ್ಬರಿರುತ್ತಾರೆ. ಅಂಕದಲ್ಲಿ ಹಿಂದೆ ಬಿದ್ದವರಿಗೆ, ಅಂಕದ ದಾರಿಯಲ್ಲಿ ತಮಗೂ ಮುಂದಿರುವವರಿಗೂ ನಡುವೆ ಬರೆದಿರುವ ಇಲಿಬಾಲಗಳನ್ನು ಎಣಿಸಿ ಕೊಪ್ಪರಿಗೆಯಲ್ಲಿ ಅಷ್ಟು ಮುಂದಿನ ಮನೆಯಿಂದ ಶುರುಮಾಡುವ ಅವಕಾಶವೂ ಇದೆ, ಅದನ್ನು ಮರೆಯುವವರೇ ಹೆಚ್ಚು.

ಬಿಲ್ಲೆಗಳು ರಟ್ಟಿನವು, ತೊಂದರೆ ಅಲ್ಲಿದೆ. ಹಾಳೆಯಿಂದ ಬಿಡಿಸುವಾಗ ಅಂಚಿನಲ್ಲಿ ಸಣ್ಣ ಚಿಗುರು ಉಳಿಯುತ್ತದೆ, ಬೆರಳಿಗೆ ಅದು ಗೊತ್ತಾಗುತ್ತದೆ. ಉಗುರಿನಲ್ಲಿ ತೀಡಿ ಸಮ ಮಾಡಬೇಕು. ಆಮೇಲೂ ಪೂರಾ ಸರಿಯಾಗುವುದಿಲ್ಲ. ಬಿಳಿಯವು ಪ್ರತಿ ಆಟದಲ್ಲೂ ಮೊದಲ ಸುತ್ತಿನಿಂದ ಚೀಲದಲ್ಲಿರುತ್ತವೆ, ದುಬಾರಿ ಬಣ್ಣದವು ತಡವಾಗಿ ಬರುತ್ತವೆ. ಹಾಗಾಗಿ ಬಿಳಿಯ ಅಂಚು ಬೇಗ ಹತ್ತಿಯಂತೆ ಮೆತ್ತಗಾಗುತ್ತದೆ. ನಾಣ್ಯ ಸಂಗ್ರಹಿಸುವವರು ಬಳಸುವ ಪ್ಲಾಸ್ಟಿಕ್ ಕರಡಿಗೆಗಳಲ್ಲಿ ಒಂದೊಂದನ್ನೂ ಕೂರಿಸುವವರಿದ್ದಾರೆ. ಮೊತ್ತ 7 ಆದಾಗ ಚೀಲದೊಳಗಿನ ಕೈ ಯಾಕಿಷ್ಟು ಹೊತ್ತು ತಡಕಾಡುತ್ತಿದೆ ಎಂದು ಆಮೇಲೆ ಯಾರೂ ಕೇಳಬೇಕಾಗಿಲ್ಲ.